ಕಟ್ಟುವಾಗಲೇ ಬಿಚ್ಚುವ ವಿವೇಕ

ಕಾರ್ಯವೊಂದರ ಆರಂಭಕ್ಕೆ ಲೋಕದಲ್ಲಿ ಮರ್ಯಾದೆ ಹೆಚ್ಚು. ಸಂಕಲ್ಪ ಮಾಡುತ್ತೇವೆ, ಮುಹೂರ್ತ ನೋಡುತ್ತೇವೆ, ಹಿರಿಯರನ್ನು ಕರೆಯುತ್ತೇವೆ. ಕಾರ್ಯದ ನಡುವಣ ಪರಿಶ್ರಮಕ್ಕೂ ತಕ್ಕಷ್ಟು ಪ್ರಶಂಸೆ ದೊರೆಯುತ್ತದೆ. ಆದರೆ ಕಾರ್ಯ ಮುಗಿದ ಮೇಲೆ ಉಳಿಯುವ ಸಣ್ಣ ಕೆಲಸಗಳು, ಎಂದರೆ ಕಟ್ಟಿದ್ದನ್ನು ಬಿಚ್ಚುವುದು, ಏರಿಸಿದ್ದನ್ನು ಇಳಿಸುವುದು, ಹರಡಿದ್ದನ್ನು ಮಡಿಸಿಡುವುದು, ಇವು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತವೆ. ಚಪ್ಪರ ಹಾಕುವ ದಿನ ಹತ್ತು ಜನ ಕೈಗೂಡಿಸುತ್ತಾರೆ; ಬಿಚ್ಚುವ ದಿನ ಇಬ್ಬರು ಸಿಕ್ಕರೆ ಅದೇ ಹೆಚ್ಚು. ಆ ಇಬ್ಬರೂ ದಣಿದಿರುತ್ತಾರೆ, ಮನೆಗೆ ಹೋಗುವ ಅವಸರದಲ್ಲಿರುತ್ತಾರೆ. ಅನಾಹುತಕ್ಕೆ ಇಂಥ ಗಳಿಗೆಗಿಂತ ಅನುಕೂಲವಾದುದು ಬೇರೊಂದಿಲ್ಲ.

ಈ ಸಾಮಾನ್ಯ ಸಂಗತಿಯೊಳಗೆ ಒಂದು ಗಂಭೀರವಾದ ನೈತಿಕ ಪ್ರಶ್ನೆ ಅಡಗಿದೆ. ಒಂದು ಜೀವಕ್ಕೆ ನೋವಾಗದಿರಲೆಂದು ನಾವು ಒಂದು ರಕ್ಷಣೆಯನ್ನು ಏರ್ಪಡಿಸುತ್ತೇವೆ. ಆ ರಕ್ಷಣೆಯನ್ನು ತೆಗೆಯುವಾಗ ಇನ್ನೊಂದು ಜೀವಕ್ಕೆ ನೋವಾಗುವ ಸಂಭವವಿದ್ದರೆ, ಮೊದಲಿನ ದಯೆಗೆ ಎಷ್ಟು ಬೆಲೆ? ನೋವನ್ನು ನಿವಾರಿಸಿದೆವೋ ಅಥವಾ ಒಬ್ಬರ ಹೆಗಲಿನಿಂದ ಮತ್ತೊಬ್ಬರ ಹೆಗಲಿಗೆ ವರ್ಗಾಯಿಸಿದೆವೋ? ಈ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ಚರ್ಚಿಸುವುದಕ್ಕಿಂತ ಒಂದು ವೃತ್ತಿಯ ನಿದರ್ಶನವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಲೇಸು. ಮರ ಹತ್ತಿ ಅವುಗಳ ಆರೈಕೆ ಮಾಡುವವರ ಕೆಲಸದಲ್ಲಿ ಈ ಪ್ರಶ್ನೆ ದಿನನಿತ್ಯವೂ, ಕೆಲವೊಮ್ಮೆ ದಿನಕ್ಕೆ ಹಲವು ಬಾರಿಯೂ, ಪ್ರತ್ಯಕ್ಷವಾಗಿ ಎದುರಾಗುತ್ತದೆ.

ಮರಕ್ಕೆ ಗಾಯವಾಗದಿರಲೆಂದು

ಬ್ರಿಟನ್, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಉದ್ಯಾನಗಳ, ರಸ್ತೆಬದಿಯ ಮತ್ತು ಮನೆಯಂಗಳದ ದೊಡ್ಡ ಮರಗಳನ್ನು ನೋಡಿಕೊಳ್ಳುವುದೇ ಒಂದು ಪ್ರತ್ಯೇಕ ವೃತ್ತಿಯಾಗಿದೆ. ಅದನ್ನು ಕೈಗೊಂಡವರನ್ನು ಆರ್ಬರಿಸ್ಟ್ ಎಂದು ಕರೆಯುತ್ತಾರೆ. ಒಣಗಿದ ಕೊಂಬೆಗಳನ್ನು ತೆಗೆಯುವುದು, ಬಿರುಕು ಬಿಟ್ಟ ಕವಲನ್ನು ಪರೀಕ್ಷಿಸುವುದು, ಮನೆಯ ಮೇಲೆ ಬಾಗಿದ ರೆಂಬೆಯ ಭಾರವನ್ನು ಇಳಿಸುವುದು ಇವರ ಕೆಲಸ. ಅಮೆರಿಕದಲ್ಲಿ ಈ ವೃತ್ತಿಯವರ ಸಂಘಟನೆ 1924ರಲ್ಲಿಯೇ ಆರಂಭವಾಗಿ, ಮುಂದೆ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್ ಎಂಬ ಹೆಸರನ್ನು ಪಡೆಯಿತು.

ಮರ ಹತ್ತುವವರು ಕಾಲಿಗೆ ಉಕ್ಕಿನ ಮೊಳೆಗಳನ್ನು ಕಟ್ಟಿಕೊಂಡು ಕಾಂಡಕ್ಕೆ ಚುಚ್ಚಿ ಏರುವ ಪದ್ಧತಿಯೊಂದಿದೆ. ಏರುವವನಿಗೆ ಅದು ಸುಲಭ. ಮರಕ್ಕೆ ಮಾತ್ರ ಒಂದೊಂದು ಹೆಜ್ಜೆಯೂ ಒಂದೊಂದು ಗಾಯ. ಮರದ ಗಾಯದ ಸ್ವರೂಪವನ್ನು ಕುರಿತು ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ನಡೆಸಿದ ಸಂಶೋಧನೆ ಈ ವೃತ್ತಿಯ ದೃಷ್ಟಿಯನ್ನೇ ಬದಲಿಸಿತು. 1977ರಲ್ಲಿ ಅವರು ಹೆರಾಲ್ಡ್ ಮಾರ್ಕ್ಸ್ ಅವರೊಡನೆ ಪ್ರಕಟಿಸಿದ ವಿವೇಚನೆಯ ಸಾರವಿಷ್ಟು: ಪ್ರಾಣಿಗಳ ಶರೀರದಂತೆ ಮರವು ಗಾಯವಾದ ಅಂಗಾಂಶವನ್ನು ಮತ್ತೆ ಸರಿಪಡಿಸಿಕೊಳ್ಳುವುದಿಲ್ಲ, ಗಾಯದ ಸುತ್ತ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ, ಅದರ ಹೊರಗೆ ಹೊಸದಾಗಿ ಬೆಳೆಯುತ್ತದೆ. ಎಂದರೆ ಮರ ಬದುಕಿರುವವರೆಗೂ ಗಾಯ ಅದರೊಳಗೇ ಉಳಿಯುತ್ತದೆ. ಈಗ ಅಮೆರಿಕದ ವೃತ್ತಿಮಾನಕಗಳು ಬದುಕಿರುವ ಮರವನ್ನು ಸವರುವುದಕ್ಕಾಗಿ ಮೊಳೆಗಾಲಿನಿಂದ ಏರಬಾರದೆಂದು ವಿಧಿಸಿವೆ. ತುರ್ತು ಸಂದರ್ಭಗಳಂಥ ಕೆಲವನ್ನು ಮಾತ್ರ ಅಪವಾದವಾಗಿ ಬಿಟ್ಟಿವೆ.

ಮೊಳೆಯ ಸ್ಥಾನದಲ್ಲಿ ಹಗ್ಗ ಬಂತು. ಎತ್ತರದ ಗಟ್ಟಿಯಾದ ಕೊಂಬೆಯೊಂದರ ಮೇಲೆ ಹಗ್ಗವನ್ನು ಹಾಯಿಸಿ, ಎರಡೂ ಎಳೆಗಳನ್ನು ಕೆಳಗೆ ಬಿಟ್ಟು, ಸೊಂಟದ ಪಟ್ಟಿಗೆ ಕಟ್ಟಿಕೊಂಡು ಏರುವುದು ಬಹುಕಾಲದಿಂದ ರೂಢಿಯಲ್ಲಿರುವ ಕ್ರಮ. ಏರುವವನು ಮೇಲೆ ಕೆಳಗೆ ಚಲಿಸಿದಂತೆಲ್ಲ ಹಗ್ಗವೂ ಕೊಂಬೆಯ ಮೇಲೆ ಹಿಂದುಮುಂದಾಗಿ ಸರಿಯುತ್ತದೆ. ಇಡೀ ಮನುಷ್ಯನ ಭಾರ ಹೊತ್ತ ಹಗ್ಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿದಾಗ ತೊಗಟೆ ಸವೆಯುತ್ತದೆ. ತೊಗಟೆಯ ಒಳಗೆ, ಮರ ದಪ್ಪವಾಗಲು ಕಾರಣವಾದ ಕ್ಯಾಂಬಿಯಂ ಎಂಬ ಜೀವಂತ ಪದರವಿದೆ. ಅದು ಕೆಲವೇ ಜೀವಕೋಶಗಳಷ್ಟು ತೆಳುವಾದುದು. ಯುರೋಪಿನ ಬೀಚ್ ಮರದಂತೆ ನುಣುಪಾದ ತೆಳು ತೊಗಟೆಯ ಮರಗಳಲ್ಲಿ ಹಗ್ಗದ ಉಜ್ಜುವಿಕೆ ಈ ಪದರವನ್ನು ಬೇಗನೆ ತಲುಪುತ್ತದೆ. ಮೊಳೆಯನ್ನು ಬಿಟ್ಟ ದಯೆ ಹಗ್ಗದಲ್ಲಿಯೂ ಹಿಂಸೆಯಿದೆಯೆಂದು ಕಂಡುಕೊಂಡಿತು.

ಆಗ ಬಂದುದೇ ಫ್ರಿಕ್ಷನ್ ಸೇವರ್ ಅಥವಾ ಕ್ಯಾಂಬಿಯಂ ಸೇವರ್ ಎಂಬ ಸಾಧನ. ಓದುಗರ ಅನುಕೂಲಕ್ಕಾಗಿ ಇದನ್ನು ಇಲ್ಲಿ ರಕ್ಷಾಪಟ್ಟಿ ಎಂದು ಕರೆಯೋಣ. ಇದರಲ್ಲಿ ಹಲವು ಬಗೆಗಳಿವೆ. ಹಗ್ಗಕ್ಕೆ ತೊಡಿಸುವ ಚರ್ಮದ ಕೊಳವೆಯೂ ಒಂದು ಬಗೆ. ಹೆಚ್ಚು ಬಳಕೆಯಲ್ಲಿರುವುದು ಗಟ್ಟಿಯಾಗಿ ನೇಯ್ದ ಒಂದು ಪಟ್ಟಿ. ಅದರ ಒಂದು ತುದಿಯಲ್ಲಿ ದೊಡ್ಡ ಲೋಹದ ಉಂಗುರ, ಮತ್ತೊಂದು ತುದಿಯಲ್ಲಿ ಚಿಕ್ಕ ಉಂಗುರ. ಪಟ್ಟಿಯನ್ನು ಕೊಂಬೆಯ ಮೇಲೆ ಹಾಯಿಸಿ, ಹಗ್ಗವನ್ನು ಎರಡೂ ಉಂಗುರಗಳ ಮೂಲಕ ಕೆಳಗೆ ಬಿಡುತ್ತಾರೆ. ಆಮೇಲೆ ಹಗ್ಗ ಚಲಿಸುವುದು ಉಂಗುರಗಳೊಳಗೆ. ಕೊಂಬೆಯ ಮೇಲೆ ಪಟ್ಟಿ ಸುಮ್ಮನೆ ಕುಳಿತಿರುತ್ತದೆ. ತೊಗಟೆ ಉಳಿಯುತ್ತದೆ, ಹಗ್ಗ ಬಾಳಿಕೆ ಬರುತ್ತದೆ, ಏರುವವನಿಗೂ ಎಳೆತದ ಶ್ರಮ ತಗ್ಗುತ್ತದೆ. ಹೀಗೆ ಒಂದು ಸಾಧನದಿಂದ ಮೂರು ಪ್ರಯೋಜನ. ಆದರೆ ಆ ಲೆಕ್ಕದಲ್ಲಿ ಮರದ ಕೆಳಗೆ ನಿಂತ ಸಹಾಯಕನ ಹೆಸರಿಲ್ಲವೆಂಬುದನ್ನು ಗಮನಿಸಬೇಕು.

ಇಳಿಸುವ ಕ್ರಮ

ಕೆಲಸ ಮುಗಿದು ಏರಿದವನು ನೆಲಕ್ಕೆ ಬಂದ ಮೇಲೆ ರಕ್ಷಾಪಟ್ಟಿ ಮಾತ್ರ ಮೇಲೆಯೇ ಉಳಿಯುತ್ತದೆ. ಅದನ್ನು ನೆಲದಿಂದಲೇ ಇಳಿಸುವ ಉಪಾಯ ಅದರ ರಚನೆಯಲ್ಲಿಯೇ ಇದೆ. ದೊಡ್ಡ ಉಂಗುರದಿಂದ ಇಳಿದ ಹಗ್ಗದ ತುದಿಗೆ ಒಂದು ಚಿಕ್ಕ ಗುಂಡನ್ನು ಕಟ್ಟುತ್ತಾರೆ, ಅಥವಾ ಅಷ್ಟೇ ಗಾತ್ರದ ಗಂಟನ್ನು ಹಾಕುತ್ತಾರೆ. ಬಳಿಕ ಚಿಕ್ಕ ಉಂಗುರದ ಕಡೆಯ ಹಗ್ಗವನ್ನು ಎಳೆಯುತ್ತಾರೆ. ಗುಂಡು ಮೇಲಕ್ಕೇರಿ ದೊಡ್ಡ ಉಂಗುರದೊಳಗೆ ನುಸುಳಿ, ಚಿಕ್ಕ ಉಂಗುರದ ಬಳಿ ತಡೆದು ನಿಲ್ಲುತ್ತದೆ. ಮತ್ತೆ ಎಳೆದರೆ ಚಿಕ್ಕ ಉಂಗುರ ಕೆಳಕ್ಕೆ ಬರುತ್ತದೆ; ಅದರ ಹಿಂದೆ ಪಟ್ಟಿ, ಕೊನೆಗೆ ದೊಡ್ಡ ಉಂಗುರ ಕೊಂಬೆಯನ್ನು ದಾಟಿ ಕೆಳಗೆ ಬೀಳುತ್ತದೆ. ಗುಂಡನ್ನು ತಪ್ಪು ತುದಿಗೆ ಕಟ್ಟಿದರೆ ಅದು ಮೊದಲೇ ಚಿಕ್ಕ ಉಂಗುರಕ್ಕೆ ಸಿಕ್ಕಿ ಪಟ್ಟಿ ಕಚ್ಚಿಕೊಳ್ಳುತ್ತದೆ. ಎಷ್ಟು ಎಳೆದರೂ ಬಾರದು.

ವಿವರಣೆ ಸರಳವಾಗಿದೆ; ಅಪಾಯವೂ ಅಷ್ಟೇ ಸರಳವಾಗಿದೆ. 20 ಮೀಟರ್ ಎತ್ತರದಿಂದ ಅಡೆತಡೆಯಿಲ್ಲದೆ ಬಿದ್ದ ವಸ್ತು ಸುಮಾರು 2 ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. ಲೋಹದ ಉಂಗುರವೊಂದು ಆ ವೇಗದಲ್ಲಿ ತಲೆಗೋ ಭುಜಕ್ಕೋ ತಗುಲಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಎಚ್ಚರಿಕೆಯ ಕೂಗು ಕೇಳಿ, ತಲೆಯೆತ್ತಿ ನೋಡಿ, ಪಕ್ಕಕ್ಕೆ ಸರಿಯಲು 2 ಸೆಕೆಂಡು ಸಾಲದು. ಪಟ್ಟಿ ನೇರವಾಗಿಯೇ ಬೀಳುತ್ತದೆಂಬ ಭರವಸೆಯೂ ಇಲ್ಲ. ಕೊಂಬೆಗೆ ಬಡಿದು ಪಕ್ಕಕ್ಕೆ ಚಿಮ್ಮಬಹುದು. ಸಿಕ್ಕಿಕೊಂಡದ್ದನ್ನು ಬಲವಾಗಿ ಎಳೆದಾಗ ಥಟ್ಟನೆ ಬಿಡುಗಡೆಯಾಗಿ ಚಾಟಿಯಂತೆ ಬೀಸಿ, ಎಳೆಯುತ್ತಿದ್ದವನ ಕಡೆಗೇ ಬರಬಹುದು.

ಆದುದರಿಂದ ಬಲ್ಲವರು ಈ ಕೆಲಸಕ್ಕೆ ಒಂದು ಕ್ರಮವನ್ನು ಅನುಸರಿಸುತ್ತಾರೆ. ಮೊದಲನೆಯದು, ಏರುವ ಮುನ್ನವೇ ಇಳಿಸುವ ಬಗೆಯನ್ನು ಯೋಚಿಸುವುದು. ಉಂಗುರ ಸಿಕ್ಕಿಕೊಳ್ಳುವಂಥ ಇಕ್ಕಟ್ಟಾದ ಕವಲನ್ನು ಬಿಟ್ಟು, ಪಟ್ಟಿ ಸಲೀಸಾಗಿ ಜಾರಬಲ್ಲ ಜಾಗವನ್ನು ಆರಿಸುತ್ತಾರೆ. ಎರಡನೆಯದು, ಮೇಲಿರುವವನು ಕೊನೆಯ ಬಾರಿ ಇಳಿಯುವ ಮೊದಲು ಪಟ್ಟಿಯನ್ನು ಕಣ್ಣಾರೆ ನೋಡುವುದು. ಅದು ತಿರುಚಿಕೊಂಡಿದೆಯೇ, ನಡುವೆ ಚಿಕ್ಕ ರೆಂಬೆ ಸಿಕ್ಕಿದೆಯೇ ಎಂದು ಪರೀಕ್ಷಿಸಿ ಸರಿಪಡಿಸಲು ಅದೇ ಕಡೆಯ ಅವಕಾಶ. ಮೂರನೆಯದು, ನೆಲಕ್ಕೆ ಬಂದ ಮೇಲೆ ಹಗ್ಗದಲ್ಲಿರುವ ಬೇರೆ ಗಂಟುಗಳನ್ನೂ ಲೋಹದ ಕೊಂಡಿಗಳನ್ನೂ ತೆಗೆದು, ಗುಂಡು ಸರಿಯಾದ ತುದಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ನಾಲ್ಕನೆಯದು, ಮರದ ಕೆಳಗಿನ ಜಾಗವನ್ನು ಬರಿದು ಮಾಡುವುದು. ಹೆಲ್ಮೆಟನ್ನು ತೆಗೆಯದೆ, ನೇರ ಕೆಳಗೆ ನಿಲ್ಲದೆ, ಎಲ್ಲರೂ ಕೇಳುವಂತೆ ಹೇಳಿ, ನಿಧಾನವಾಗಿ ಎಳೆಯುವುದು. ಗುಂಡು ಉಂಗುರವನ್ನು ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಅಲ್ಲಿ ಒಮ್ಮೆ ನಿಂತು ಮತ್ತೆ ಸುತ್ತಲೂ ನೋಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಉಪಾಯವಿದೆ. ಗುಂಡಿರುವ ಹಗ್ಗದ ತುದಿಗೆ ಒಂದು ತೆಳ್ಳನೆಯ ಗಟ್ಟಿ ದಾರವನ್ನು ಕಟ್ಟಿ, ದಾರದ ಮತ್ತೊಂದು ತುದಿಯನ್ನು ನೆಲದಲ್ಲಿಯೇ ಹಿಡಿದುಕೊಳ್ಳುವುದು. ಗುಂಡು ಮೇಲೇರಿದಂತೆ ದಾರವೂ ಅದನ್ನು ಹಿಂಬಾಲಿಸುತ್ತದೆ. ಪಟ್ಟಿ ಕೊಂಬೆಯನ್ನು ದಾಟಿದ ಮೇಲೆ ದಾರ ಕೊಂಬೆಯ ಮೇಲಿಂದ ಹಾದಿರುವುದರಿಂದ, ಪಟ್ಟಿಯನ್ನು ಬೀಳಗೊಡದೆ ಬಾವಿಗೆ ಕೊಡ ಇಳಿಸುವಂತೆ ಮೆಲ್ಲಗೆ ಇಳಿಸಬಹುದು. ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡರೆ ದಾರವನ್ನು ಎಳೆದು ಗುಂಡನ್ನು ಹಿಂದಕ್ಕೆ ತಂದು ಮತ್ತೆ ಪ್ರಯತ್ನಿಸಬಹುದು. ದಾರವಿಲ್ಲದಿದ್ದರೆ ಹಗ್ಗದ ತುದಿ ಕೈಗೆಟುಕದಷ್ಟು ಮೇಲೇರಿದ ಗಳಿಗೆಯಿಂದ ಹಿಂದಿರುಗುವ ದಾರಿಯೇ ಇಲ್ಲ. ಈ ದಾರ ಕಟ್ಟಲು ಬೇಕಾಗುವುದು ಹೆಚ್ಚೆಂದರೆ ಕೆಲವು ನಿಮಿಷ. ಆದರೆ ದಿನದ ಕೊನೆಯಲ್ಲಿ ಆ ಕೆಲವು ನಿಮಿಷಗಳೇ ಅತ್ಯಂತ ದುಬಾರಿಯೆನಿಸುತ್ತವೆ.

ನೋವಿನ ವರ್ಗಾವಣೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಬ್ಬನು ಮರದ ಮೇಲಿನ ಕರುಣೆಯಿಂದ ರಕ್ಷಾಪಟ್ಟಿಯನ್ನು ಬಳಸಿದನು. ಸಂಜೆ ಅವಸರದಿಂದ ಅದನ್ನು ಎಳೆದು ಸಹಾಯಕನನ್ನು ಗಾಯಗೊಳಿಸಿದನು. ಅವನ ಕರುಣೆ ನಿಜವಾದುದೇ? ಕರುಣೆ ನಿಜವಾದುದು, ಆದರೆ ಅಪೂರ್ಣವಾದುದು ಎಂದು ಹೇಳಬೇಕಾಗುತ್ತದೆ. ಅವನು ಒಂದು ಜೀವವನ್ನು ಕಂಡನು, ಇನ್ನೊಂದನ್ನು ಕಾಣಲಿಲ್ಲ. ಒಂದು ಕಡೆಗೆ ತಿರುಗಿದ ಕಣ್ಣು ಮತ್ತೊಂದು ಕಡೆಗೆ ಕುರುಡಾಗುವುದು ಒಳ್ಳೆಯ ಉದ್ದೇಶವುಳ್ಳವರಲ್ಲಿ ಕಂಡುಬರುವ ಸಾಮಾನ್ಯ ದೋಷ. ತಾನು ಸತ್ಕಾರ್ಯದಲ್ಲಿದ್ದೇನೆ ಎಂಬ ತೃಪ್ತಿಯೇ ಎಚ್ಚರವನ್ನು ಮಂಕು ಮಾಡುತ್ತದೆ.

ಹಾಗಾದರೆ ರಕ್ಷಾಪಟ್ಟಿಯನ್ನೇ ಬಳಸದಿರುವುದು ಸರಿಯೇ? ಕೆಳಗಿನವನಿಗೆ ಅಪಾಯವೇ ಬೇಡವೆಂದು ಹಗ್ಗವನ್ನು ಮತ್ತೆ ತೊಗಟೆಯ ಮೇಲೆಯೇ ಉಜ್ಜುತ್ತ ಕೆಲಸ ಮಾಡಿದರೆ, ಅದು ಮನುಷ್ಯನ ನೆಪದಲ್ಲಿ ಮೂಕಜೀವಿಯ ಮೇಲೆ ಹೊರೆ ಹೊರಿಸಿದಂತೆ. ಮರ ದೂರುವುದಿಲ್ಲ, ದೂರದಿರುವವರ ಮೇಲೆ ನೋವನ್ನು ಇಳಿಸಿಬಿಡುವುದು ಲೋಕದಲ್ಲಿ ಎಂದಿನಿಂದಲೂ ಸುಲಭ. ಆದುದರಿಂದ ಮರವೋ ಮನುಷ್ಯನೋ ಎಂದು ಆಯ್ಕೆಗೆ ಇಳಿಯುವುದೇ ಇಲ್ಲಿ ತಪ್ಪು. ಅಂಥ ಆಯ್ಕೆ ಅನಿವಾರ್ಯವಾಗುವುದು ನಾವು ಕ್ರಮವನ್ನು ಬಿಟ್ಟಾಗ ಮಾತ್ರ. ಕೆಲವು ನಿಮಿಷಗಳ ತಾಳ್ಮೆ, ಒಂದು ತೆಳ್ಳನೆಯ ದಾರ, ಬರಿದು ಮಾಡಿದ ನೆಲ ಇವಿಷ್ಟಿದ್ದರೆ ಇಬ್ಬರಿಗೂ ನೋವಿಲ್ಲದಂತೆ ಕಾರ್ಯ ಮುಗಿಯುತ್ತದೆ. ನೈತಿಕ ಸಂದಿಗ್ಧವೆಂದು ನಾವು ಭಾವಿಸುವ ಎಷ್ಟೋ ಸನ್ನಿವೇಶಗಳು ಹಿಂದಿನ ಅಜಾಗ್ರತೆಯ ಫಲಗಳಲ್ಲದೆ ಬೇರಲ್ಲ.

ವೃಕ್ಷವನ್ನು ಏಕೇಂದ್ರಿಯ ಜೀವವೆಂದು ತಿಳಿದವರಿಗೆ ಈ ವಿಷಯ ಹೊಸದಲ್ಲ. ಸಾಧುಗಳಿಗೆ ವಿಧಿಸಲಾದ ಐದು ಸಮಿತಿಗಳಲ್ಲಿ ನಾಲ್ಕನೆಯದಾದ ಆದಾನ-ನಿಕ್ಷೇಪಣ ಸಮಿತಿಯನ್ನು ಇಲ್ಲಿ ನೆನೆಯುವುದು ಉಚಿತ. ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ನೋಡಿ, ಒರೆಸಿ, ಜೀವಕ್ಕೆ ಬಾಧೆಯಾಗದಂತೆ ನಡೆದುಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಎತ್ತುವುದಕ್ಕೂ ಇಡುವುದಕ್ಕೂ ಅಲ್ಲಿ ಸಮಾನ ಸ್ಥಾನವಿದೆ. ಎತ್ತುವಾಗ ಎಚ್ಚರದಿಂದಿದ್ದು ಇಡುವಾಗ ಮೈಮರೆತರೆ ಸಮಿತಿ ಅರ್ಧಕ್ಕೆ ನಿಂತಂತೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದೂ ಮನನೀಯ. ಗೃಹಸ್ಥನಿಗೆ ಉದ್ಯೋಗದಲ್ಲಿ ಒದಗುವ ಹಿಂಸೆಯನ್ನು ಪೂರ್ತಿಯಾಗಿ ತಪ್ಪಿಸಲಾಗದು; ಮೈಮರೆವನ್ನು ತಪ್ಪಿಸುವುದು ಅವನ ಕೈಯಲ್ಲಿಯೇ ಇದೆ. ಸಹಾಯಕನಿಗೆ ಪೆಟ್ಟು ಬೀಳದೆ ಪಟ್ಟಿ ಅವನ ಪಕ್ಕದಲ್ಲಿಯೇ ಬಿದ್ದಿತೆಂದು ಇಟ್ಟುಕೊಳ್ಳೋಣ. ಆಗ ಎಲ್ಲರೂ ನಕ್ಕು ಮನೆಗೆ ಹೋಗುತ್ತಾರೆ. ಆದರೆ ಎಳೆದವನ ಅಜಾಗ್ರತೆ ಪೆಟ್ಟು ಬಿದ್ದಾಗ ಎಷ್ಟಿತ್ತೋ ಬೀಳದಿದ್ದಾಗಲೂ ಅಷ್ಟೇ ಇತ್ತು. ಫಲದಿಂದ ಮಾತ್ರ ದೋಷವನ್ನು ಅಳೆಯುವವನು ಅದೃಷ್ಟವನ್ನೇ ಪುಣ್ಯವೆಂದು ತಿಳಿದಂತಾಯಿತು.

ಸಿಕ್ಕಿಕೊಂಡಾಗ ಏನು ಮಾಡಬೇಕು?

ಎಷ್ಟೇ ಎಚ್ಚರ ವಹಿಸಿದರೂ ರಕ್ಷಾಪಟ್ಟಿ ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ. ಸಂಜೆಯಾಗಿದೆ, ಬೆಳಕು ಕುಂದುತ್ತಿದೆ, ಎಲ್ಲರೂ ದಣಿದಿದ್ದಾರೆ. ಆಗ ಮನಸ್ಸಿಗೆ ಮೂರು ದಾರಿಗಳು ತೋರುತ್ತವೆ.

ಮೊದಲನೆಯದು, ಇಬ್ಬರೋ ಮೂವರೋ ಸೇರಿ ಬಲವಾಗಿ ಎಳೆಯುವುದು. ಇದು ಸಹಜವಾದ ಆವೇಶ, ಹಾಗೆಯೇ ಅತ್ಯಂತ ಅಪಾಯಕರವಾದುದು. ಎಳೆದಷ್ಟೂ ಹಗ್ಗದಲ್ಲಿ ಬಿಗಿ ಕೂಡಿಕೊಳ್ಳುತ್ತದೆ. ಪಟ್ಟಿಯೋ ಕೊಂಬೆಯೋ ಸೋತ ಗಳಿಗೆಯಲ್ಲಿ ಆ ಬಿಗಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಉಂಗುರಗಳು ಎಳೆದವರ ಮೇಲೆಯೇ ಎರಗುತ್ತವೆ. ಒಣಕೊಂಬೆಯೇ ಮುರಿದು ಬೀಳುವುದೂ ಉಂಟು.

ಎರಡನೆಯದು, ತಕ್ಷಣ ಮತ್ತೆ ಮರ ಹತ್ತುವುದು. ದಣಿದ ಕೈಕಾಲುಗಳಿಂದ, ಮಂದ ಬೆಳಕಿನಲ್ಲಿ, ಸಿಕ್ಕಿಕೊಂಡ ಸಾಧನವನ್ನೇ ನಂಬಿ ಏರುವುದು ಸಾಹಸವೆನಿಸಬಹುದು, ವಿವೇಕವೆನಿಸದು. ಪಟ್ಟಿ ಯಾವ ಸ್ಥಿತಿಯಲ್ಲಿ ಸಿಕ್ಕಿದೆಯೆಂದು ನೆಲದಿಂದ ತಿಳಿಯುವುದಿಲ್ಲ. ಅರ್ಧ ಏರಿದಾಗ ಅದು ಜಾರಬಹುದು. ಒಂದು ಪಟ್ಟಿಯ ಬೆಲೆಗಾಗಿ ಒಂದು ಪ್ರಾಣವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲಿಯೂ ಹೊಂದದು. ಬ್ರಿಟನ್ನಿನಲ್ಲಿ 2005ರಲ್ಲಿ ಜಾರಿಗೆ ಬಂದ ಎತ್ತರದ ಕೆಲಸಗಳ ನಿಯಮಾವಳಿಯು, ನೆಲದಲ್ಲಿದ್ದೇ ಸುರಕ್ಷಿತವಾಗಿ ಮಾಡಲು ಸಾಧ್ಯವಿರುವ ಕೆಲಸವನ್ನು ಎತ್ತರಕ್ಕೆ ಏರಿ ಮಾಡಬಾರದೆಂದು ಮೊದಲಿಗೇ ಹೇಳುತ್ತದೆ. ಮೇಲಿಂದ ಬೀಳುವ ವಸ್ತುಗಳಿಂದ ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದನ್ನೂ ಕೆಲಸ ಮಾಡಿಸುವವರ ಹೊಣೆಯಾಗಿಸುತ್ತದೆ. ಕಾನೂನಿನ ಈ ಎರಡು ಮಾತುಗಳನ್ನು ಒಟ್ಟಿಗೆ ಓದಿದರೆ ನಮ್ಮ ಪ್ರಶ್ನೆಯ ಎರಡು ಮುಖಗಳೂ ಅಲ್ಲಿ ಕಾಣುತ್ತವೆ. ಮತ್ತೆ ಏರುವ ಅಪಾಯ ಏರುವವನದು, ಎಳೆದು ಬೀಳಿಸುವ ಅಪಾಯ ಕೆಳಗಿರುವವನದು. ಎರಡನ್ನೂ ತೂಗಿ ನೋಡುವುದು ಕರ್ತವ್ಯ.

ಮೂರನೆಯದು, ಇದ್ದಂತೆಯೇ ಬಿಟ್ಟು ಹೊರಟುಹೋಗುವುದು. ಇದು ಯಾರಿಗೂ ತೊಂದರೆಯಿಲ್ಲದ ದಾರಿಯಂತೆ ಕಾಣುತ್ತದೆ. ಆದರೆ ಬಿಗಿದು ಕಚ್ಚಿಕೊಂಡ ಪಟ್ಟಿ ಕೊಂಬೆ ದಪ್ಪವಾದಂತೆ ಅದನ್ನೇ ಅದುಮುತ್ತದೆ. ಮರವನ್ನು ಕಾಪಾಡಲು ಬಂದದ್ದು ಮರಕ್ಕೆ ಉರುಳಾಗುತ್ತದೆ. ಬಿಸಿಲಿಗೆ ನೇಯ್ಗೆಯ ನೂಲು ವರ್ಷದಿಂದ ವರ್ಷಕ್ಕೆ ದುರ್ಬಲವಾಗುತ್ತದೆ. ಗಾಳಿಮಳೆಯ ಒಂದು ದಿನ ಅದು ಕಳಚಿ ಬಿದ್ದಾಗ ಕೆಳಗೆ ಯಾರಿರುತ್ತಾರೆಂದು ಬಲ್ಲವರಾರು? ಇನ್ನೂ ಕೆಟ್ಟದೆಂದರೆ, ಮುಂದೊಮ್ಮೆ ಬಂದ ಬೇರೊಬ್ಬ ಕೆಲಸಗಾರ ಅದನ್ನು ಗಟ್ಟಿಯೆಂದು ನಂಬಿ ತನ್ನ ಭಾರವನ್ನು ಅದರ ಮೇಲೆ ಹಾಕಬಹುದು. ಮನುಷ್ಯರನ್ನು ಎತ್ತುವ ಸಾಧನಗಳನ್ನು 6 ತಿಂಗಳಿಗೊಮ್ಮೆ ತಜ್ಞರಿಂದ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ಬ್ರಿಟನ್ನಿನ 1998ರ ನಿಯಮಾವಳಿ ಸಾಮಾನ್ಯವಾಗಿ ಅಪೇಕ್ಷಿಸುತ್ತದೆ. ಮರದ ಮೇಲೆ ಮರೆತುಹೋದ ಪಟ್ಟಿಯನ್ನು ಪರೀಕ್ಷಿಸುವವರು ಯಾರೂ ಇಲ್ಲ.

ಈ ಮೂರಕ್ಕಿಂತ ಭಿನ್ನವಾದ ನಾಲ್ಕನೆಯ ದಾರಿಯೊಂದಿದೆ. ಅದು ನಿಲ್ಲಿಸುವುದು. ಎಳೆತವನ್ನು ಬಿಡುವುದು, ದಾರವಿದ್ದರೆ ಗುಂಡನ್ನು ಹಿಂದಕ್ಕೆ ತಂದು ಬೇರೊಂದು ಕೋನದಿಂದ ಮೆಲ್ಲಗೆ ಪ್ರಯತ್ನಿಸುವುದು. ಅದೂ ಫಲಿಸದಿದ್ದರೆ ಮರದ ಕೆಳಗೆ ಯಾರೂ ಬಾರದಂತೆ ಏರ್ಪಾಟು ಮಾಡಿ, ಮನೆಯ ಯಜಮಾನರಿಗೆ ಇದ್ದ ವಿಷಯವನ್ನು ಇದ್ದಂತೆಯೇ ತಿಳಿಸಿ, ಮರುದಿನ ಬೆಳಕಿನಲ್ಲಿ, ವಿಶ್ರಾಂತಿ ಪಡೆದವನೊಬ್ಬನು ಬೇರೆ ಹಗ್ಗದಿಂದ, ಬೇರೆ ಆಧಾರದ ಮೇಲೆ ಏರಿ ಬಿಡಿಸುವುದು. ಇದಕ್ಕೆ ಒಂದು ದಿನದ ನಷ್ಟವನ್ನೂ ಸ್ವಲ್ಪ ಅವಮಾನವನ್ನೂ ಸಹಿಸಬೇಕಾಗುತ್ತದೆ. ಪಟ್ಟಿ ಸಿಕ್ಕಿಕೊಂಡಿದೆ ಎಂದು ಒಪ್ಪಿಕೊಳ್ಳಲು ನಾಚಿದವನೇ ಅದನ್ನು ಜಗ್ಗಿ ಎಳೆಯುವವನು ಅಥವಾ ಮುಚ್ಚಿಟ್ಟು ಹೋಗುವವನು. ಆದುದರಿಂದ ಇಲ್ಲಿ ಸುರಕ್ಷತೆಗೂ ಸತ್ಯಕ್ಕೂ ನೇರವಾದ ಸಂಬಂಧವಿದೆ. ನಿಜ ಹೇಳುವ ಧೈರ್ಯವಿಲ್ಲದ ಕಡೆ ಅಹಿಂಸೆಯೂ ನಿಲ್ಲಲಾರದು.

ಕೆಲಸ ಮಾಡಿಸುವವರ ಹೊಣೆ

ಇಷ್ಟರವರೆಗೆ ಹೇಳಿದ್ದು ಕೆಲಸ ಮಾಡುವವನ ಕರ್ತವ್ಯ. ಆದರೆ ಹೊಣೆಯನ್ನೆಲ್ಲ ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ದಿನಕ್ಕೆ ಇಷ್ಟು ಮರ ಮುಗಿಸಬೇಕೆಂಬ ಕರಾರಿನಲ್ಲಿ ದುಡಿಯುವವನಿಗೆ ದಾರ ಕಟ್ಟುವ ಕೆಲವು ನಿಮಿಷವೂ ಕೂಲಿಯ ಕಡಿತವೇ. ಕೊಂಬೆ ಕಡಿಯುವವರೆಗೆ ಮಾತ್ರ ಕೆಲಸವೆಂದೆಣಿಸಿ, ಸಾಧನಗಳನ್ನು ಇಳಿಸುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯದ ಯಜಮಾನನು, ತನಗರಿವಿಲ್ಲದೆಯೇ ಅವಸರವನ್ನು ಕೊಂಡುಕೊಂಡಿರುತ್ತಾನೆ. ಅವಸರದ ಫಲ ಅವನ ತಲೆಯ ಮೇಲೆ ಬೀಳುವುದಿಲ್ಲ; ಕೆಳಗೆ ರೆಂಬೆಗಳನ್ನು ಎಳೆದು ರಾಶಿ ಹಾಕುವ, ಎಲ್ಲರಿಗಿಂತ ಕಡಿಮೆ ಕೂಲಿಯ ಸಹಾಯಕನ ತಲೆಯ ಮೇಲೆ ಬೀಳುತ್ತದೆ.

ನಮ್ಮ ನಾಡಿನಲ್ಲಿ ಈ ರಕ್ಷಾಪಟ್ಟಿಯ ಬಳಕೆ ಸಾಮಾನ್ಯವಲ್ಲದಿದ್ದರೂ, ಎತ್ತರದಿಂದ ವಸ್ತುವನ್ನು ಬೀಳಿಸದೆ ಇಳಿಸುವ ವಿವೇಕ ನಮಗೆ ಅಪರಿಚಿತವಲ್ಲ. ಮಲೆನಾಡಿನ ಮತ್ತು ಉತ್ತರ ಕನ್ನಡದ ಅಡಿಕೆ ತೋಟಗಳಲ್ಲಿ ಕೊನೆಗೌಡನು ಮರದ ತಲೆಯಲ್ಲಿ ಕೊನೆಯನ್ನು ಕೊಯ್ದು, ಅದನ್ನು ಕೆಳಕ್ಕೆ ಎಸೆಯದೆ, ನೇಣಿನ ಮೇಲೆ ಜಾರಿಬಿಡುವುದನ್ನು ಅನೇಕರು ನೋಡಿರಬಹುದು. ಕೆಳಗೆ ಸ್ವಲ್ಪ ದೂರದಲ್ಲಿ ನೇಣನ್ನು ಬಿಗಿಯಾಗಿ ಹಿಡಿದು ನಿಂತವನು ಕೊನೆಯನ್ನು ಬರಮಾಡಿಕೊಳ್ಳುತ್ತಾನೆ. ಕೊನೆ ನೆಲಕ್ಕೆ ಬಡಿದು ಅಡಿಕೆ ಚೆದುರಿಹೋಗದಿರಲೆಂಬುದು ಅದರ ಒಂದು ಉದ್ದೇಶ. ನಿಂತವನು ಮರದ ಬುಡದಿಂದ ದೂರವಿರುವುದು ಅದರ ಇನ್ನೊಂದು ಪ್ರಯೋಜನ. ಮೇಲಿನವನಿಗೂ ಕೆಳಗಿನವನಿಗೂ ನಡುವೆ ಒಂದು ಹಗ್ಗವಿದೆ. ಆ ಹಗ್ಗದ ಎರಡೂ ತುದಿಗಳಲ್ಲಿ ಒಬ್ಬೊಬ್ಬ ಮನುಷ್ಯನಿದ್ದಾನೆಂಬ ಅರಿವೂ ಇದೆ. ಬ್ರಿಟನ್ನಿನ ಆರ್ಬರಿಸ್ಟನ ತೆಳ್ಳನೆಯ ದಾರದ ಅರ್ಥವೂ ಇದೇ.

ಬಸದಿಗಳ, ಛತ್ರಗಳ, ಶಾಲೆಗಳ ಆವರಣದಲ್ಲಿ ಹಳೆಯ ಮರಗಳಿರುವುದು ಸಾಮಾನ್ಯ. ಒಣಕೊಂಬೆ ತೆಗೆಸುವ ಪ್ರಸಂಗ ಒದಗಿದಾಗ ಟ್ರಸ್ಟಿನ ಸಭೆಯಲ್ಲಿ ಚರ್ಚೆಯಾಗುವುದು ಹೆಚ್ಚಾಗಿ ಎಷ್ಟು ಖರ್ಚು, ಯಾವ ದಿನ ಎಂಬಿಷ್ಟೇ. ಅದರೊಂದಿಗೆ ಇನ್ನು ಕೆಲವು ಪ್ರಶ್ನೆಗಳನ್ನು ಸೇರಿಸಿಕೊಳ್ಳಬಹುದು. ಕೆಲಸದ ಹೊತ್ತಿನಲ್ಲಿ ಮಾತ್ರವಲ್ಲದೆ ಹಗ್ಗ, ಸಾಧನಗಳೆಲ್ಲ ಇಳಿದು ಮುಗಿಯುವವರೆಗೂ ಮರದ ಕೆಳಗೆ ಮಕ್ಕಳೂ ಯಾತ್ರಿಕರೂ ಸುಳಿಯದಂತೆ ಯಾರು ನೋಡಿಕೊಳ್ಳುತ್ತಾರೆ? ಕೆಲಸಗಾರರಿಗೆ ಕತ್ತಲಾಗುವ ಮುನ್ನ ಮುಗಿಸಲು ಸಾಕಷ್ಟು ಸಮಯವಿದೆಯೇ? ಏನಾದರೂ ಮೇಲೆ ಸಿಕ್ಕಿಕೊಂಡರೆ ಭಯವಿಲ್ಲದೆ ಬಂದು ಹೇಳುವಂಥ ಸಲುಗೆಯನ್ನು ನಾವು ಅವರಿಗೆ ಕೊಟ್ಟಿದ್ದೇವೆಯೇ? ಮರುದಿನ ಬಂದು ಇಳಿಸಿದರೆ ಆ ದಿನದ ಕೂಲಿಯನ್ನು ಕೊಡುತ್ತೇವೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಮರದ ಮೇಲೆ ದಯೆ ತೋರುವ ಮಾತನಾಡುವುದು ಬೇರೊಬ್ಬರ ಪ್ರಾಣವನ್ನು ಅಡವಿಟ್ಟು ದಾನ ಮಾಡಿದಂತೆ.

ಒಂದು ಆಕ್ಷೇಪ

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ವಿಚಾರವೇಕೆ, ಇದು ಕುಶಲತೆಯ ಪ್ರಶ್ನೆಯೇ ಹೊರತು ಧರ್ಮದ ಪ್ರಶ್ನೆಯಲ್ಲ ಎಂದು ಕೆಲವರು ಹೇಳಬಹುದು. ಗುಂಡನ್ನು ಯಾವ ತುದಿಗೆ ಕಟ್ಟಬೇಕೆಂಬುದು ಅಭ್ಯಾಸದಿಂದ ಬರುವ ತಿಳಿವಳಿಕೆಯೆಂಬುದು ನಿಜ. ಆದರೆ ಅದನ್ನು ಕಟ್ಟಿದ ಮೇಲೆ ಇನ್ನೊಮ್ಮೆ ನೋಡುವುದು, ಯಾರೂ ಗಮನಿಸದಿದ್ದಾಗಲೂ ನೋಡುವುದು, ದಣಿದಾಗಲೂ ನೋಡುವುದು ಬರಿಯ ಅಭ್ಯಾಸದಿಂದ ಬರುವಂಥದಲ್ಲ. ಕುಶಲತೆ ಹೇಗೆ ಮಾಡಬೇಕೆಂಬುದನ್ನು ಕಲಿಸುತ್ತದೆ. ಅದನ್ನು ಪ್ರತಿಸಲವೂ ಮಾಡಬೇಕೆಂಬ ಒತ್ತಾಯ ಬರುವುದು ಇನ್ನೊಬ್ಬರ ಜೀವವನ್ನು ತನ್ನ ಜೀವದಂತೆ ಕಾಣುವ ದೃಷ್ಟಿಯಿಂದ. ಅಹಿಂಸೆ ಎಂಬ ದೊಡ್ಡ ಮಾತು ಕೆಲಸದ ಸ್ಥಳದಲ್ಲಿ ಇಂಥ ಚಿಕ್ಕ ಚಿಕ್ಕ ನೋಟಗಳ ರೂಪವನ್ನಲ್ಲದೆ ಬೇರೆ ರೂಪವನ್ನು ತಾಳುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮೊಳೆಯಿಂದ ಹಗ್ಗಕ್ಕೆ, ಹಗ್ಗದಿಂದ ರಕ್ಷಾಪಟ್ಟಿಗೆ ಈ ವೃತ್ತಿ ನಡೆದುಬಂದ ದಾರಿಯಲ್ಲಿ ಪ್ರತಿಯೊಂದು ಸುಧಾರಣೆಯೂ ಹಿಂದಿನ ನೋವನ್ನು ತಗ್ಗಿಸಿ ತನ್ನದೇ ಆದ ಹೊಸದೊಂದು ಹೊಣೆಯನ್ನು ತಂದಿತು. ಆ ಕಾರಣಕ್ಕೆ ಸುಧಾರಣೆಯನ್ನು ಬಿಡುವುದು ಮೂರ್ಖತನ. ಹೊಸ ಹೊಣೆಯನ್ನು ಮರೆಯುವುದು ಅದಕ್ಕಿಂತ ಹೆಚ್ಚಿನ ಮೂರ್ಖತನ. ನಮ್ಮ ಮನೆ, ಸಂಸ್ಥೆ, ಸಮಾಜಗಳಲ್ಲಿ ನಾವು ಮಾಡುವ ಉಪಕಾರಗಳಿಗೂ ಈ ಮಾತು ಸಲ್ಲುತ್ತದೆ. ಒಬ್ಬರಿಗೆ ಆಸರೆಯಾಗಿ ನಿಂತವನು ಆ ಆಸರೆಯನ್ನು ಹಿಂದೆಗೆಯುವ ದಿನವನ್ನೂ ಯೋಚಿಸಿರಬೇಕು. ಸಾಲ ಕೊಡುವವನು ಅದನ್ನು ಮರಳಿ ಪಡೆಯುವ ಬಗೆಯನ್ನು, ಅನಾಥನನ್ನು ಓದಿಸುವವನು ಓದು ಮುಗಿದ ಮೇಲಿನ ದಾರಿಯನ್ನು, ಅಧಿಕಾರ ವಹಿಸಿಕೊಂಡವನು ಅದನ್ನು ಬಿಟ್ಟುಕೊಡುವ ರೀತಿಯನ್ನು ಮೊದಲೇ ಚಿಂತಿಸಿದ್ದರೆ, ಕೊನೆಯಲ್ಲಿ ಬಲವಂತದಿಂದ ಎಳೆಯುವ ಪ್ರಸಂಗ ಬಾರದು.

ಕಟ್ಟುವುದು ಉತ್ಸಾಹದ ಕೆಲಸ, ಬಿಚ್ಚುವುದು ತಾಳ್ಮೆಯ ಕೆಲಸ. ನಮ್ಮ ಆವರಣದಲ್ಲಿ ಮುಂದಿನ ಸಲ ಯಾರಾದರೂ ಮರ ಹತ್ತಿದಾಗ, ಏರುವವನ ಧೈರ್ಯವನ್ನು ಮೆಚ್ಚಿ ಒಳಗೆ ಹೋಗದೆ, ಕೊನೆಯ ಹಗ್ಗ ಇಳಿದು ಸುತ್ತಿಡುವವರೆಗೂ ಒಬ್ಬರಾದರೂ ಹೊರಗೆ ನಿಂತು ನೋಡಿಕೊಳ್ಳಲಿ. ಅಷ್ಟು ಹೊತ್ತು ನಿಲ್ಲುವುದು ದೊಡ್ಡ ತ್ಯಾಗವೇನಲ್ಲ. ಆದರೆ ಮರದ ಬುಡದಲ್ಲಿ ರೆಂಬೆ ಆಯುತ್ತ ತಲೆ ಬಗ್ಗಿಸಿರುವವನಿಗೆ ಅದರಷ್ಟು ದೊಡ್ಡ ರಕ್ಷಣೆ ಇನ್ನೊಂದಿಲ್ಲ.